ಕೊಲ್ಲಲು ಅಪ್ಪಣೆಯುಂಟು, ಕೋವಿಗೆ ಇಲ್ಲ

2022ರ ಮೇ ತಿಂಗಳಲ್ಲಿ ಕೇರಳ ಸರಕಾರವು ಬೆಳೆನಾಶ ಮಾಡುವ ಕಾಡುಹಂದಿಯನ್ನು ಕೊಲ್ಲಿಸುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರ ಕೈಗೆ ಕೊಟ್ಟಿತು. ವಿಷ ಇಡಬಾರದು, ಸ್ಫೋಟಕ ಇಡಬಾರದು, ಬೇಲಿಗೆ ಕರೆಂಟು ಹಾಯಿಸಬಾರದು; ಲೈಸೆನ್ಸ್ ಇರುವ ಕೋವಿಯವರೇ ಹೊಡೆಯಬೇಕು. ಮಾತು ಒಳ್ಳೆಯದೇ. ಆದರೆ ಆ ಲೈಸೆನ್ಸ್ ಇರುವ ಕೋವಿ ಎಲ್ಲಿದೆ? ದೇಲಂಪಾಡಿಯಲ್ಲಿ, ಕಾರಡ್ಕದಲ್ಲಿ, ಎಣ್ಮಕಜೆಯಲ್ಲಿ, ಪೈವಳಿಕೆಯಲ್ಲಿ ತೋಟವಿರುವ ಯಾರನ್ನೇ ಕೇಳಿ ನೋಡಿ. ಅಜ್ಜನ ಕಾಲದಲ್ಲಿ ಇತ್ತು ಎನ್ನುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಠಾಣೆಗೆ ಹೋದದ್ದು ಬರಲಿಲ್ಲ ಎನ್ನುತ್ತಾರೆ. ಕೊಲ್ಲುವ ಅಪ್ಪಣೆಯನ್ನು ಒಂದು ಕೈ ಕೊಟ್ಟಿತು, ಕೊಲ್ಲುವ ಸಾಧನವನ್ನು ಇನ್ನೊಂದು ಕೈ ಹಿಡಿದುಕೊಂಡಿದೆ. ಆ ಇನ್ನೊಂದು ಕೈ ಪೋಲೀಸರದ್ದು. ಇದನ್ನು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲವಾದ್ದರಿಂದ ನಾನು ಹೇಳಹೊರಟಿದ್ದೇನೆ.

ನಾನು ಬೇಂಕಿನ ಗುಮಾಸ್ತ. ಬಂದೂಕಿನ ಭಕ್ತನಲ್ಲ. ನನ್ನ ತಂದೆಯವರಲ್ಲಿ ಒಂಟಿನಳಿಗೆಯ ಕೇಪಿನ ಕೋವಿಯೊಂದಿತ್ತು, ಬೆಳೆ ರಕ್ಷಣೆಯ ಲೈಸೆನ್ಸಿನದ್ದು. ಅದರಿಂದ ಅವರು ಹಂದಿ ಹೊಡೆದದ್ದನ್ನು ನಾನು ಕಂಡಿಲ್ಲ. ಆಗ ಹೊಡೆಯುವಂತೆಯೂ ಇರಲಿಲ್ಲ. ರಾತ್ರಿ ತೋಟದ ಕೆಳಗಿನ ಕಂಡಿಯಲ್ಲಿ ಸದ್ದಾದರೆ ಅಂಗಳಕ್ಕೆ ಇಳಿದು ಆಕಾಶಕ್ಕೆ ಒಂದು ಈಡು. ಅಷ್ಟೆ. ಗುಡ್ಡೆಯೆಲ್ಲ ಮೊಳಗುತ್ತಿತ್ತು, ಹಂದಿಯ ಹಿಂಡು ಆ ರಾತ್ರಿಯ ಮಟ್ಟಿಗೆ ನೆರೆಯವರ ತೋಟಕ್ಕೆ ಹೋಗುತ್ತಿತ್ತು. (ನೆರೆಯವರಲ್ಲಿಯೂ ಕೋವಿ ಇತ್ತಾದ್ದರಿಂದ ಅಲ್ಲಿಂದಲೂ ಒಂದು ಈಡು ಕೇಳಿಸುತ್ತಿತ್ತು.) ಆ ಸದ್ದೇ ನಮ್ಮ ಬೇಲಿಯಾಗಿತ್ತು. ಈಗ ಗರ್ನಾಲು ಸಿಡಿಸುತ್ತೇವೆ, ತಗಡು ಬಡಿಯುತ್ತೇವೆ, ಹಳೆಯ ಸೀರೆ ಕಟ್ಟುತ್ತೇವೆ. ಹಂದಿ ನಮಗಿಂತ ಬೇಗ ಕಲಿಯುವ ಪ್ರಾಣಿ. ಮೂರನೇ ದಿನಕ್ಕೆ ಸೀರೆಯನ್ನು ಸರಿಸಿಯೇ ಒಳಗೆ ಬರುತ್ತದೆ. ಮರಗೆಣಸು, ಕೆಸು, ಬಾಳೆಯ ಕಂದು ಹೋದರೆ ಹೋಯಿತೆನ್ನೋಣ. ನೆಟ್ಟು ಎರಡು ವರ್ಷವಾದ ಅಡಿಕೆ ಸಸಿಯ ಬುಡವನ್ನು ಒಂದೇ ರಾತ್ರಿ ಸಾಲು ಸಾಲಾಗಿ ಕಿತ್ತು ಹಾಕಿದರೆ ಫಸಲಿಗೆ ಕಾದಿದ್ದವನು ಮತ್ತೆ ಮೊದಲಿನಿಂದ ಲೆಕ್ಕ ಹಾಕಬೇಕು.

ಈ ವಿಷಯದಲ್ಲಿ ಕಾನೂನು ರೈತನ ವಿರುದ್ಧವಾಗಿದೆಯೇ? ನಾನೂ ಹಾಗೆಂದೇ ತಿಳಿದಿದ್ದೆ. ಓದಿ ನೋಡಿದಾಗ ಆಶ್ಚರ್ಯವಾಯಿತು. 1959ರ ಆಯುಧ ಕಾಯಿದೆಯ 13ನೇ ಕಲಮು ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿ ಕೇಳುವ ಪ್ರಜೆಗೆ ಲೈಸೆನ್ಸ್ ಕೊಡತಕ್ಕದ್ದು ಎನ್ನುತ್ತದೆ. ಕೊಡಬಹುದು ಎಂದಲ್ಲ, ಕೊಡತಕ್ಕದ್ದು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಗೂ ಕೊಡಬಹುದು. ಠಾಣೆಯ ವರದಿ ಕೇಳಬೇಕು ನಿಜ. ಆದರೆ ಗೊತ್ತುಪಡಿಸಿದ ಅವಧಿಯೊಳಗೆ ವರದಿ ಬಾರದಿದ್ದರೆ ಅದಕ್ಕಾಗಿ ಮತ್ತೆ ಕಾಯದೆ ತೀರ್ಮಾನಿಸಬಹುದೆಂದೂ ಅಲ್ಲೇ ಬರೆದಿದೆ. 2016ರ ನಿಯಮಗಳು ಆ ಅವಧಿಯನ್ನು 30 ದಿನ ಎಂದವು. ಮುಂದಿನ ಕಲಮಿನಲ್ಲಿ ನಿರಾಕರಿಸುವ ಕಾರಣಗಳಿವೆ: ಬುದ್ಧಿಸ್ವಾಸ್ಥ್ಯವಿಲ್ಲದವನು, ಕಾನೂನಿನಿಂದ ನಿಷೇಧಿಸಲ್ಪಟ್ಟವನು, ಸಾರ್ವಜನಿಕ ಶಾಂತಿಗೆ ಭಂಗ ಇತ್ಯಾದಿ. ಆಸ್ತಿ ಕಡಿಮೆ ಎಂಬ ಒಂದೇ ಕಾರಣಕ್ಕೆ ನಿರಾಕರಿಸಬಾರದೆಂದೂ ಇದೆ. ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು, ಕೇಳಿದರೆ ಕೊಡಬೇಕು.

ಹಾಗಾದರೆ ಬೀಗ ಎಲ್ಲಿದೆ? ಠಾಣೆಯ ವರದಿಯಲ್ಲಿ. ತಂದೆಯವರು 2022ರಲ್ಲಿ ತೀರಿಕೊಂಡ ಮೇಲೆ ವಾರಸುದಾರನೆಂದು ನಾನು ಅರ್ಜಿ ಹಾಕಿದೆ. ವಿಚಾರಣೆಗೆ ಕರೆದರು. ಯಾವ ಠಾಣೆ ಎಂಬುದು ಇಲ್ಲಿ ಬೇಡ. ಮೇಜಿನ ಹಿಂದೆ ಕುಳಿತವರು ನನ್ನ ಅರ್ಜಿಯನ್ನು ತಿರುವಿ, “ಎಂದಿನಾ ತೋಕ್ಕ್? ಸಾರ್ ಬೇಂಕಿಲಲ್ಲೇ?” ಎಂದರು. ನಗುನಗುತ್ತಲೇ ಕೇಳಿದರು, ಒರಟುತನವೇನೂ ಇರಲಿಲ್ಲ. ತೋಟದ ಪೋಟೊ, ತೆರಿಗೆ ರಶೀದಿ, ಕೃಷಿ ಭವನಕ್ಕೆ ಕೊಟ್ಟ ದೂರಿನ ಪ್ರತಿ ಎಲ್ಲ ಮುಂದಿಟ್ಟೆ. ತಿಂಗಳುಗಳ ಮೇಲೆ ತಿಂಗಳು ಕಳೆದು ಬಂದ ನಿರಾಕರಣೆಯಲ್ಲಿ ಇದ್ದ ಕಾರಣ ಇಷ್ಟು: ಅರ್ಜಿದಾರನ ಜೀವಕ್ಕೆ ಬೆದರಿಕೆ ಇರುವುದಾಗಿ ಕಂಡುಬಂದಿಲ್ಲ. ನನ್ನ ಜೀವಕ್ಕೆ ಬೆದರಿಕೆ ಉಂಟೆಂದು ನಾನು ಹೇಳಿದ್ದೆಲ್ಲಿ? ಬೆದರಿಕೆ ಇದ್ದದ್ದು ಅಡಿಕೆ ಸಸಿಯ ಜೀವಕ್ಕೆ. ಕೇಳದ ಪ್ರಶ್ನೆಗೆ ಉತ್ತರ ಬರೆದು ಕೇಳಿದ್ದನ್ನು ಇಲ್ಲವೆಂದರು. ನಮ್ಮ ಬೇಂಕಿನಲ್ಲಿ ಕೃಷಿ ಸಾಲ ಕೇಳಲು ಬಂದವರಿಗೆ ನಾನು ‘ನಿಮಗೆ ಕಾರು ಬೇಕಾದ ಅಗತ್ಯ ಕಂಡುಬರುವುದಿಲ್ಲ’ ಎಂದು ಬರೆದುಕೊಟ್ಟರೆ ನನ್ನ ಕೆಲಸ ಉಳಿದೀತೇ?

ಆ ಕಾಗದ ಮಲಯಾಳದಲ್ಲಿತ್ತು. ನನಗೆ ಓದಲು ಬರುತ್ತದೆ, ಆದ್ದರಿಂದಲೇ ಅದರ ತಪ್ಪು ತಿಳಿಯಿತು. ಕನ್ನಡ ಶಾಲೆಯಲ್ಲಿ ಐದನೆಯ ಕ್ಲಾಸು ಕಲಿತ ನೆರೆಯ ಹಿರಿಯರು ತಮಗೆ ಬಂದ ಅಂಥದೇ ಕಾಗದವನ್ನು ಎರಡು ವರ್ಷ ಕಪಾಟಿನಲ್ಲಿ ಇಟ್ಟುಕೊಂಡು, ಅದು ‘ಪರಿಶೀಲನೆಯಲ್ಲಿದೆ’ ಎಂಬ ಸೂಚನೆಯೆಂದೇ ನಂಬಿದ್ದರು. ಅಪೀಲಿನ ಅವಧಿ ಎಂದೋ ಮುಗಿದಿತ್ತು. ನಮ್ಮ ಪ್ರದೇಶದ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಿ ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ರಾಜಭಾಷಾ ಕಾಯಿದೆಯೇ ಕೊಟ್ಟಿತ್ತು. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ನಾವು ಭಾಷೆಯ ಹಕ್ಕನ್ನು ಸಮ್ಮೇಳನದ ನಿರ್ಣಯಗಳಲ್ಲಿ ಕೇಳುತ್ತೇವೆ, ಶಾಲೆಯ ವಿಷಯಕ್ಕೆ ಕೇಳುತ್ತೇವೆ. ತೋಟ ಉಳಿಸುವ ಕಾಗದದಲ್ಲಿ ಕೇಳುವುದನ್ನು ಮರೆತಿದ್ದೇವೆ.

ಇನ್ನು ಚುನಾವಣೆಯ ವಿಷಯ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿ ಇಡಬೇಕು. 2019ರ ಎಪ್ರಿಲಿನಲ್ಲಿ ಲೋಕಸಭೆ, ಅದೇ ಅಕ್ಟೋಬರಿನಲ್ಲಿ ಮಂಜೇಶ್ವರದ ಉಪಚುನಾವಣೆ, 2020ರ ಡಿಸೆಂಬರಿನಲ್ಲಿ ಪಂಚಾಯತು, 2021ರ ಎಪ್ರಿಲಿನಲ್ಲಿ ವಿಧಾನಸಭೆ. ಎರಡು ವರ್ಷದಲ್ಲಿ ನಾಲ್ಕು ಸಲ ನನ್ನ ತಂದೆಯವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಗೋಣಿಯಲ್ಲಿ ಸುತ್ತಿದ ಕೋವಿಯನ್ನು ಜೀಪಿನಲ್ಲಿ ಹೊತ್ತೊಯ್ದರು, ನಾಲ್ಕು ಸಲ ತುಕ್ಕು ಒರೆಸುತ್ತ ಮನೆಗೆ ತಂದರು. “ಕಳ್ಳನ ಹಾಗೆ ಕೈಕಟ್ಟಿ ನಿಲ್ಲಬೇಕಲ್ಲ ಮಗಾ” ಎಂದದ್ದು ನೆನಪಿದೆ. ಆದರೆ ಚುನಾವಣಾ ಆಯೋಗ ಹೇಳಿದ್ದೇನು? ಜಿಲ್ಲೆಯ ಪರಿಶೀಲನಾ ಸಮಿತಿಯು ಲೈಸೆನ್ಸುಗಳನ್ನು ನೋಡಿ, ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಯಲ್ಲಿ ಸೇರಿದವರು ಇಂಥವರಿಂದ ಇರಿಸಿಕೊಳ್ಳಬೇಕೆಂದು. ಒಬ್ಬೊಬ್ಬರ ಹೆಸರು ನೋಡುವುದು ಶ್ರಮದ ಕೆಲಸ. ಎಲ್ಲರಿಂದ ತೆಗೆದಿಡುವುದು ಸುಲಭ. ಆ ದಿನಗಳಲ್ಲಿ ನಮ್ಮ ಬೇಂಕಿನ ಬಾಗಿಲಲ್ಲಿ ಕಾವಲುಗಾರನ ಜೋಡುನಳಿಗೆ ಎಂದಿನಂತೆಯೇ ಇತ್ತು. ಬೇಂಕಿನ ಹಣಕ್ಕೆ ಕಾವಲು ಬೇಕು, ಒಪ್ಪಿದೆ. ಆ ಹಣ ಯಾವುದರಿಂದ ಬರುತ್ತದೆ? ಕೌಂಟರಿನ ಈಚೆ ಕುಳಿತವನಾಗಿ ಹೇಳುತ್ತೇನೆ, ಅಡಿಕೆ ಮಾರಿದವನ ಚಲನಿನಿಂದ.

ಪೋಲೀಸರ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಕಾಸರಗೋಡು ಪೇಟೆಯಲ್ಲಿ ಮತದ ಹೆಸರಿನಲ್ಲಿ ನೆತ್ತರು ಹರಿದ ದಿನಗಳನ್ನು ನಾವು ಕಂಡಿದ್ದೇವೆ. ಅಂಥ ಜಿಲ್ಲೆಯಲ್ಲಿ ಮನೆಮನೆಗೆ ಕೋವಿ ಎಂದರೆ ಠಾಣಾಧಿಕಾರಿಗೆ ನಿದ್ದೆ ಬಾರದು. ಸಾಲದಲ್ಲಿ ಮುಳುಗಿದ ಮನೆಯೊಳಗೆ ಕೋವಿ ಇರುವುದು ಎಷ್ಟು ಅಪಾಯವೆಂದು, ಸಾಲದ ನೋಟೀಸು ಟೈಪು ಮಾಡುವ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರ್ಷವರ್ಷದ ಪಟ್ಟಿಗಳಲ್ಲಿ ಗುಂಡೇಟಿನ ಕೊಲೆಗಳಲ್ಲಿ ಹೆಚ್ಚಿನವು ಲೈಸೆನ್ಸಿಲ್ಲದ ಆಯುಧದವು. ಲೈಸೆನ್ಸಿನ ಬಾಗಿಲು ಮುಚ್ಚಿದಾಗ ರೈತ ಏನು ಮಾಡುತ್ತಾನೆ? ಕೆಲವರು ಸುಮ್ಮನಿರುತ್ತಾರೆ. ಕೆಲವರು ಕಳ್ಳಕೋವಿ ಕೊಳ್ಳುತ್ತಾರೆ, ತಂತಿ ಎಳೆದು ಕೆಣಿತೋಕು ಕಟ್ಟುತ್ತಾರೆ, ಬೇಲಿಗೆ ಕರೆಂಟು ಕೊಡುತ್ತಾರೆ. ಅವಕ್ಕೆ ಹಂದಿಯೂ ಒಂದೇ, ಬೆಳಿಗ್ಗೆ ಹುಲ್ಲಿಗೆ ಹೋಗುವವಳೂ ಒಂದೇ. ಹಂದಿಗೆ ಇಟ್ಟದ್ದಕ್ಕೆ ಮನುಷ್ಯರು ಬಲಿಯಾದದ್ದು ನಮ್ಮ ಜಿಲ್ಲೆಯಲ್ಲಿಯೂ ಉಂಟು. ನಂಬರು, ವಿಳಾಸ, ಪೋಟೊ ಎಲ್ಲ ಠಾಣೆಯ ಪುಸ್ತಕದಲ್ಲಿರುವ, ಒಂದು ಈಡು ಹೊಡೆದು ಮತ್ತೆ ಮದ್ದು ತುರುಕಲು ನಿಮಿಷ ಬೇಕಾಗುವ ಕೇಪಿನ ಕೋವಿಗೆ ಹೆದರುವ ವ್ಯವಸ್ಥೆ, ಪುಸ್ತಕದಲ್ಲಿಲ್ಲದ ಕೋವಿಯನ್ನು ಬೆಳೆಸುತ್ತಿದೆ.

ಕೋವಿಯ ಹಕ್ಕು ಎಂದ ಕೂಡಲೇ ಅಮೇರಿಕದ ಉದಾಹರಣೆ ಹೇಳಿ ಬಾಯಿ ಮುಚ್ಚಿಸುವವರುಂಟು. 2021ರಲ್ಲಿ ಟೆಕ್ಸಾಸ್ ರಾಜ್ಯವು 21 ವರ್ಷ ತುಂಬಿದವರು ಪರವಾನಗಿ ಇಲ್ಲದೆಯೇ ಪಿಸ್ತೂಲು ಕಟ್ಟಿಕೊಂಡು ತಿರುಗಬಹುದೆಂದು ಕಾನೂನು ಮಾಡಿದಾಗ ಅಲ್ಲಿನ ಪೋಲೀಸ್ ಮುಖ್ಯಸ್ಥರನೇಕರು ಬೇಡವೆಂದರು. ನಾನಾದರೂ ಬೇಡವೆನ್ನುತ್ತಿದ್ದೆ. ನಾವು ಕೇಳುವುದು ಪೇಟೆಗೆ ಪಿಸ್ತೂಲಲ್ಲ. ಆಯುಧ ಹೊಂದುವುದು ನಮ್ಮಲ್ಲಿ ಮೂಲಭೂತ ಹಕ್ಕಲ್ಲವೆಂದು ಸುಪ್ರೀಂ ಕೋರ್ಟು 2023ರಲ್ಲಿಯೂ ನೆನಪಿಸಿದೆ. ಹಾಗೆ ಆಗಬಾರದಿತ್ತೆಂದು ಬಯಸಿದವರು ಇದ್ದರು ಎಂಬುದು ಬೇರೆ ಮಾತು. 1931ರ ಕರಾಚಿ ಕಾಂಗ್ರೆಸ್ಸು ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವುದನ್ನು ಪ್ರಜೆಯ ಹಕ್ಕುಗಳಲ್ಲಿ ಸೇರಿಸಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದಕ್ಕಾಗಿ ತಿದ್ದುಪಡಿ ತಂದ ಎಚ್. ವಿ. ಕಾಮತರು ಹುಟ್ಟಿದ್ದು ಮಂಗಳೂರಿನಲ್ಲಿ, ಅಂದರೆ ಆಗ ನಾವೂ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಅಂಬೇಡ್ಕರರು ಒಪ್ಪಲಿಲ್ಲ, ಕಳ್ಳಕಾಕರೂ ಅದೇ ಹಕ್ಕು ಕೇಳಿಯಾರು ಎಂಬುದು ಅವರ ಆಕ್ಷೇಪ. ಅಂಬೇಡ್ಕರರು ಹೇಳಿದ್ದು ಸರಿಯೆಂದೇ ನನಗೂ ತೋರುತ್ತದೆ. ಹಕ್ಕು ಬೇಡ, ಕಾಯಿದೆಯಲ್ಲಿ ಬರೆದದ್ದು ಸಾಕು.

ಪಾಣತ್ತೂರಿನಿಂದ ಭಾಗಮಂಡಲದ ದಾರಿ ಹಿಡಿದರೆ ಕರಿಕೆ ಸಿಗುತ್ತದೆ. ಅಲ್ಲಿಂದ ಕೊಡಗು. 1857ರ ದಂಗೆಯ ಮೇಲೆ ದೇಶದ ಜನರಿಂದ ಆಯುಧ ಕಸಿಯುತ್ತಿದ್ದ ಬ್ರಿಟಿಷರು 1861ರಲ್ಲಿ ಕೊಡವರಿಗೆ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತವೂ ಅದನ್ನು ಮುಂದುವರಿಸಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ಲೈಸೆನ್ಸಿನ ಹಂಗಿಲ್ಲದೆ ಕೋವಿ ಇಟ್ಟುಕೊಂಡ ನಾಡು ಉರಿದುಹೋಗಲಿಲ್ಲ. ಅಂಥ ವಿನಾಯಿತಿ ನಮಗೆ ಬೇಕೆನ್ನುವುದಿಲ್ಲ. ಆದರೆ ಕರಿಕೆಯ ಹಂದಿಯೂ ಪಾಣತ್ತೂರಿನ ಹಂದಿಯೂ ಒಂದೇ ಹಿಂಡಿನವು. ಅವು ರಾಜ್ಯದ ಗಡಿ ನೋಡಿ ಹೆಜ್ಜೆ ಇಡುವುದಿಲ್ಲ.

ತಿರುವನಂತಪುರದವರು ಕೈಕಟ್ಟಿ ಕುಳಿತಿಲ್ಲವೆನ್ನಬಹುದು. 2025ರ ಅಕ್ಟೋಬರಿನಲ್ಲಿ ವಿಧಾನಸಭೆಯು ವನ್ಯಜೀವಿ ಕಾಯಿದೆಗೆ ಕೇರಳದ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು: ಜನವಸತಿಯಲ್ಲಿ ಮನುಷ್ಯನ ಮೇಲೆರಗಿದ ಪ್ರಾಣಿಯನ್ನು ಕೂಡಲೇ ಕೊಲ್ಲಿಸುವ ಅಧಿಕಾರ, ಎರಡನೇ ಅನುಸೂಚಿಯ ಪ್ರಾಣಿಗಳನ್ನು ಪೀಡಕವೆಂದು ರಾಜ್ಯವೇ ಘೋಷಿಸುವ ಅಧಿಕಾರ, ಮೊದಲ ಅನುಸೂಚಿಯಲ್ಲಿದ್ದ ನಾಡಮಂಗವನ್ನು ಎರಡನೆಯದಕ್ಕೆ ಇಳಿಸುವುದು. ಕೇಂದ್ರದ ಕಾಯಿದೆಯ ತಿದ್ದುಪಡಿಯಾದ್ದರಿಂದ ರಾಷ್ಟ್ರಪತಿಗಳ ಅಂಕಿತ ಬೇಕು. ಅದು ಬಂತೆಂದೇ ಇಟ್ಟುಕೊಳ್ಳಿ; ಘೋಷಣೆಯ ಗಜೆಟನ್ನು ಹಂದಿಗೆ ತೋರಿಸಿದರೆ ಓಡುತ್ತದೆಯೇ? ಸಂವಿಧಾನದ ಪಟ್ಟಿಗಳ ಪ್ರಕಾರ ಆಯುಧ ದೆಹಲಿಯದು, ಪೋಲೀಸು ತಿರುವನಂತಪುರದ್ದು, ಕಾಡುಪ್ರಾಣಿ ಇಬ್ಬರದೂ. ಹಂದಿ ಅಗೆದ ತೋಟ ಮಾತ್ರ ನಮ್ಮದು. ದೆಹಲಿಯ ಕಾಯಿದೆ ಬದಲಾಗದೆಯೇ ರಾಜ್ಯ ಸರಕಾರ ನಾಳೆಯೇ ಮಾಡಬಹುದಾದದ್ದು ಒಂದುಂಟು: ತನ್ನದೇ ಪೋಲೀಸರಿಗೆ ಒಂದು ಸುತ್ತೋಲೆ. ಬೆಳೆ ರಕ್ಷಣೆಯ ಅರ್ಜಿಯಲ್ಲಿ ಜೀವ ಬೆದರಿಕೆ ಹುಡುಕಬೇಡಿ, ಬೆಳೆ ಹೋದದ್ದನ್ನು ನೋಡಿ ಬನ್ನಿ. ಪಂಚಾಯತಿನ ಮತ್ತು ಕೃಷಿ ಅಧಿಕಾರಿಯ ಮಾತನ್ನು ವರದಿಗೆ ಸೇರಿಸಿ. 30 ದಿನದೊಳಗೆ ಕಳುಹಿಸಿ. ಕನ್ನಡಿಗನಿಗೆ ಕನ್ನಡದಲ್ಲಿ ಬರೆಯಿರಿ. ಪಂಚಾಯತು ಅಧ್ಯಕ್ಷರ ಸಹಿಯಿಂದ ಹಂದಿ ಸಾಯಬಹುದಾದರೆ ಅದೇ ಸಹಿಗೆ ಕೋವಿಯ ಕಡತದಲ್ಲಿ ಬೆಲೆ ಏಕಿಲ್ಲ?

ನಾನು ಅಪೀಲು ಹಾಕಿದ್ದೇನೆ. ಆ ನೆರೆಯ ಹಿರಿಯರು ಹೊಸದಾಗಿ ಅರ್ಜಿ ಬರೆಯುತ್ತೇನೆಂದು ಕಳೆದ ತಿಂಗಳು ಮನೆಗೆ ಬಂದಿದ್ದರು. “ಮಲಯಾಳದಲ್ಲಿ ನೀವೇ ಬರೆದುಕೊಡಿ” ಎಂದರು. ಬೇಡ, ಕನ್ನಡದಲ್ಲೇ ನೀವೇ ಬರೆಯಿರಿ ಅಣ್ಣೇರೇ, ರಶೀದಿ ಮಾತ್ರ ಕೇಳಿ ತೆಗೆದುಕೊಳ್ಳಿ ಎಂದೆ. ಬರೆದರು. ಎರಡು ಹಾಳೆ, ನಡುಗುವ ಅಕ್ಷರ, ಕೊನೆಯಲ್ಲಿ ಹೋದ ಸಸಿಗಳ ಲೆಕ್ಕ. ರಶೀದಿಯನ್ನು ತೋರಿಸಲು ಬೇಂಕಿಗೇ ಬಂದಿದ್ದರು. ಅದರ ಮೇಲಿನ ತಾರೀಕನ್ನು ನನ್ನ ಕ್ಯಾಲೆಂಡರಿನಲ್ಲಿಯೂ ಗುರುತು ಹಾಕಿದ್ದೇನೆ. 30 ದಿನ ತುಂಬಲು ಇನ್ನು ಒಂಬತ್ತು ಉಳಿದಿವೆ.