‘ಕಿಕ್ ಐತಲ್ಲ’ ಎಂಬ ಉತ್ತರ

ಹಳೆಯ ಸ್ಕೂಟರಿನ ಸೆಲ್ಫ್ ಸ್ಟಾರ್ಟರು ನಿಂತುಹೋದರೆ ಏನು ಮಾಡಬೇಕು? ನಮ್ಮ ಸೊಲ್ಲಾಪುರದ ಗ್ಯಾರೇಜುಗಳಲ್ಲಿ ಈ ಪ್ರಶ್ನೆಗೆ ಈಗ ಒಂದೇ ಉತ್ತರ ದೊರೆಯುತ್ತದೆ: “ತಗದ ಹಾಕ್ರಿ, ಕಿಕ್ ಐತಲ್ಲ.” ಮಿಸ್ತ್ರಿ ಹೀಗೆನ್ನುತ್ತಾನೆ, ಗಾಡಿಯ ಒಡೆಯನು ತಲೆದೂಗುತ್ತಾನೆ, ವ್ಯವಹಾರ ಅಲ್ಲಿಗೆ ಮುಗಿಯುತ್ತದೆ. ಈ ಉತ್ತರವನ್ನು ನಾವು ಒಪ್ಪಲಾರೆವು. ಏಕೆ ಒಪ್ಪಲಾರೆವೆಂಬುದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಸೆಲ್ಫ್ ಎಂಬುದು ಸೋಮಾರಿಗಳ ಸೊಗಸೆಂದು ಕೆಲವರು ಭಾವಿಸಿದ್ದಾರೆ. ಅಂಥವರು ಹಿಂದಿನದನ್ನು ಕೊಂಚ ನೆನೆಯಬೇಕು. 1984ರಲ್ಲಿ ಕೈನೆಟಿಕ್ ಹೋಂಡಾ ಬೀದಿಗಿಳಿಯುವ ತನಕ ನಮ್ಮವರಿಗೆ ಸ್ಕೂಟರೆಂದರೆ ಸಾಮಾನ್ಯವಾಗಿ ಕಾಲಿನಿಂದ ಒದ್ದು ಎಬ್ಬಿಸತಕ್ಕ ವಸ್ತುವಾಗಿತ್ತು. ಗಾಡಿಯನ್ನು ಒಂದು ಮಗ್ಗುಲಿಗೆ ವಾಲಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿ, ಬೆವರಿಳಿಯುವವರೆಗೆ ಕಿಕ್ ಹೊಡೆಯುವ ದೃಶ್ಯ ಯಾವ ಓಣಿಯಲ್ಲಿ ಇರಲಿಲ್ಲ? ಗೇರು ಬದಲಿಸುವ ಗೋಜಿಲ್ಲದ, ಗುಂಡಿಯೊತ್ತಿದರೆ ಹೊರಡುವ ಆ 98 ಸಿ.ಸಿ. ಗಾಡಿ ಬಂದಮೇಲೆ ಸೀರೆಯುಟ್ಟ ಶಿಕ್ಷಕಿಯರೂ ವಯಸ್ಸಾದವರೂ ಯಾರ ಹಂಗಿಲ್ಲದೆ ಸ್ಕೂಟರು ಏರಿದರು. ಕಾರಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲ್ಯಾಕ್ ಕಾರಿಗೆ ಬಂದಾಗ, ಹ್ಯಾಂಡಲು ತಿರುಗಿಸುವಾಗ ಅದು ಹಿಂದಕ್ಕೆ ಬಡಿದು ಕೈ ಮುರಿಯುವ ಭಯ ತಪ್ಪಿತು. ತೋಳ್ಬಲವಿಲ್ಲದವರಿಗೂ ಕಾರು ನಡೆಸುವ ದಾರಿ ತೆರೆಯಿತು. ಆದುದರಿಂದ ಸೆಲ್ಫನ್ನು ಕಿತ್ತುಹಾಕುವುದೆಂದರೆ ಕೆಲವರನ್ನು ಗಾಡಿಯಿಂದಲೇ ಇಳಿಸಿದಂತೆ.

ಇದು ಬರಿಯ ಊಹೆಯಲ್ಲ. ನಮ್ಮ ಸಂಘದ ಹಿರಿಯರಾದ, ಶಾಲೆಯಿಂದ ನಿವೃತ್ತರಾದ ಅಕ್ಕನವರೊಬ್ಬರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದೆ. ಅವರ ಹಳೆಯ ಕೈನೆಟಿಕ್ ಹೋಂಡಾದ ಸೆಲ್ಫ್ ನಿಂತಾಗ ಮೂರು ಗ್ಯಾರೇಜುಗಳಲ್ಲಿ “ಮೋಟಾರು ಸುಟ್ಟಿದೆ, ಸಾಮಾನು ಬರುವುದಿಲ್ಲ” ಎಂದರು. ಮೂರನೆಯವನು ತಂತಿಯನ್ನೇ ಕತ್ತರಿಸಿ ಟೇಪು ಸುತ್ತಿ ಕಳಿಸಿದ. ಗಾಡಿ ಏಳು ತಿಂಗಳು ಮೆಟ್ಟಿಲ ಕೆಳಗೆ ನಿಂತಿತು. ಅಕ್ಕನವರು ಸಂಘದ ಸಭೆಗೆ ಬರುವುದೂ ನಿಂತಿತು. ಕೊನೆಗೆ ನಾವೇ ಒಬ್ಬ ಮುದುಕ ಮಿಸ್ತ್ರಿಯನ್ನು ಕರೆತಂದು ಜೊತೆಯಲ್ಲಿ ಕುಳಿತೆವು. ಅವನು ಹೊಸ ಬ್ಯಾಟರಿ ಇಟ್ಟು, ಕತ್ತರಿಸಿದ ತಂತಿಯನ್ನು ಕೂಡಿಸಿ ಗುಂಡಿಯೊತ್ತಿಸಿದ. ರಿಲೇ ‘ಟಕ್’ ಎಂದಿತು, ಮೋಟಾರು ಅಲುಗಲಿಲ್ಲ. ಬ್ಯಾಟರಿಯ ಮೈನಸ್ಸಿನಿಂದ ಮೋಟಾರಿನ ಮೈಗೆ ದಪ್ಪ ತಂತಿಯೊಂದನ್ನು ನೇರವಾಗಿ ಹಿಡಿದು ಮತ್ತೆ ಒತ್ತಿಸಿದ, ಇಂಜಿನು ಎದ್ದಿತು! ಅರ್ಥಿಂಗ್ ತಂತಿಯ ತುದಿ ಬೋಲ್ಟಿನ ಕೆಳಗೆ ತುಕ್ಕು ಹಿಡಿದಿತ್ತು, ಅಷ್ಟೆ. ಉಜ್ಜಿ ಹೊಸ ತುದಿ ಹಾಕಲು ಅರ್ಧ ಗಂಟೆ ಹಿಡಿಯಿತು.

“ದೀಪ ಉರಿಯುತ್ತದೆ, ಹಾರ್ನು ಕೂಗುತ್ತದೆ, ಇನ್ನು ಕೆಟ್ಟಿರುವುದು ಮೋಟಾರೇ” ಎಂಬ ತರ್ಕದಿಂದಲೇ ಇಂಥ ಅನರ್ಥವಾಗುತ್ತದೆ. ಹಾರ್ನಿಗೆ ಬೇಕಾದ ವಿದ್ಯುತ್ತು ಅಲ್ಪ. ಸ್ಟಾರ್ಟರಿಗೆ ಬೇಕಾದುದು ಅದರ ಹಲವು ಪಟ್ಟು. ತುಕ್ಕು ಹಿಡಿದ ದಾರಿಯಲ್ಲಿ ಅಲ್ಪವು ಹಾಯುತ್ತದೆ, ಅಧಿಕವು ಹಾಯದು. ರೋಗವನ್ನು ಗುರುತಿಸುವ ಕ್ರಮವೇನೂ ಗೂಢವಲ್ಲ. ಗುಂಡಿಯೊತ್ತಿದಾಗ ಸದ್ದೇ ಇಲ್ಲದಿದ್ದರೆ ಫ್ಯೂಸು, ಗುಂಡಿ, ರಿಲೇಗಳನ್ನು ನೋಡಬೇಕು. ಬ್ರೇಕು ಹಿಡಿದರೆ ಮಾತ್ರ ಸೆಲ್ಫ್ ತಿರುಗುವ ಗಾಡಿಯಾದರೆ ಬ್ರೇಕಿನ ಸ್ವಿಚ್ಚನ್ನೂ ನೋಡಬೇಕು. ರಿಲೇ ‘ಟಕ್’ ಎಂದು ಸುಮ್ಮನಾದರೆ ಬ್ಯಾಟರಿ, ಅದರ ತುದಿಗಳು, ಅರ್ಥಿಂಗು, ರಿಲೇಯ ಒಳಗಿನ ಸಂಪರ್ಕ, ಆಮೇಲೆ ಮೋಟಾರಿನ ಕಾರ್ಬನ್ನು. ಮೋಟಾರು ತಿರುಗಿಯೂ ಇಂಜಿನು ತಿರುಗದಿದ್ದರೆ ದೋಷವು ಅವೆರಡನ್ನೂ ಜೋಡಿಸುವ ಹಲ್ಲು ಅಥವಾ ಕ್ಲಚ್ಚಿನಲ್ಲಿದೆ. ಸುಮ್ಮನಿರುವಾಗ ಹನ್ನೆರಡೂವರೆ ವೋಲ್ಟು ತೋರುವ ಬ್ಯಾಟರಿ, ಗುಂಡಿಯೊತ್ತಿದಾಗ ಒಂಬತ್ತಕ್ಕಿಂತ ಕೆಳಗೆ ಕುಸಿದರೆ ಮೊದಲ ಸಂಶಯ ಬ್ಯಾಟರಿಯ ಮೇಲೆಯೇ. ಇಷ್ಟನ್ನು ನೋಡುವ ಮೊದಲೇ ಮೋಟಾರಿಗೆ ಮರಣಪತ್ರ ಬರೆಯುವುದು ನ್ಯಾಯವೆ?

“ಸಾಮಾನು ಸಿಗುವುದಿಲ್ಲ” ಎಂಬ ಆಕ್ಷೇಪವುಂಟು. ಅದರಲ್ಲಿ ಸತ್ಯಾಂಶವಿದೆ. ಹೋಂಡಾ ಆ ಜಂಟಿ ಉದ್ಯಮವನ್ನು ಬಿಟ್ಟದ್ದು 1998ರಲ್ಲಿ. ಅಂದಿನ ಬಿಡಿಭಾಗಗಳನ್ನು ಇಂದು ಹುಡುಕಿಯೇ ತರಬೇಕು. ಆದರೆ ಮೋಟಾರಿನಲ್ಲಿ ಸವೆಯುವುದು ಹೆಚ್ಚಾಗಿ ಕಾರ್ಬನ್ನು. ಸವೆದ ಕಾರ್ಬನ್ನಿನ ಪುಡಿ ಕಾಮ್ಯುಟೇಟರಿನ ಸಂದುಗಳಲ್ಲಿ ತುಂಬುತ್ತದೆ. ಸಂದುಗಳನ್ನು ಬಿಡಿಸಿ, ತಾಮ್ರವನ್ನು ನುಣುಪಾದ ಕಾಗದದಿಂದ ಉಜ್ಜಿ, ಅಳತೆಗೆ ಅರೆದ ಹೊಸ ಕಾರ್ಬನ್ನು ಕೂರಿಸಿದರೆ ಹಳೆಯ ಮೋಟಾರು ಬಹುಕಾಲ ಬಾಳುತ್ತದೆ. ಇಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಕೈಗೆ ಸಿಕ್ಕಿತೆಂದು ಮಿಕ್ಸರಿನ ಕಾರ್ಬನ್ನನ್ನು ತುರುಕುವವರಿದ್ದಾರೆ. ಸ್ಟಾರ್ಟರಿನ ಕಾರ್ಬನ್ನಿನಲ್ಲಿ ತಾಮ್ರ ಬೆರೆತಿರುತ್ತದೆ, ಆದುದರಿಂದಲೇ ಅದು ಹೆಚ್ಚಿನ ವಿದ್ಯುತ್ತನ್ನು ತಾಳುತ್ತದೆ. ಮಿಕ್ಸರಿನದು ಆ ಕೆಲಸಕ್ಕೆ ಹುಟ್ಟಿದುದಲ್ಲ. ಕಿತ್ತೆಸೆಯುವುದನ್ನು ವಿರೋಧಿಸುವ ನಾವು ಹೀಗೆ ತೇಪೆ ಹಚ್ಚುವುದನ್ನೂ ವಿರೋಧಿಸುತ್ತೇವೆ.

ಬ್ಯಾಟರಿ ಸತ್ತ ದಿನ ಕಿಕ್ಕೇ ಗತಿಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಕಿಕ್ ಇರಲಿ, ಅದು ಆಪತ್ಕಾಲದ ಆಸರೆ. ಅದೇ ನಿತ್ಯದ ವಿಧಿಯಾಗಬೇಕೆಂಬುದನ್ನು ಕಾಲು ಗಟ್ಟಿಯಿದ್ದವರು ಮಾತ್ರ ಹೇಳಬಲ್ಲರು.

ಹಾಗಾದರೆ ತಪ್ಪೆಲ್ಲ ಮಿಸ್ತ್ರಿಗಳದೆ? ಇಲ್ಲ. ದೊಡ್ಡ ಪಾಲು ನಮ್ಮದು. ಹೊಸ ಮೋಟಾರು ಹಾಕಿದರೆ ಕೇಳಿದಷ್ಟು ಕೊಡುತ್ತೇವೆ, ಅರ್ಧ ದಿನ ತಂತಿ ಹಿಡಿದು ತುಕ್ಕನ್ನು ಹುಡುಕಿದವನಿಗೆ “ಏನು ಹಾಕಿದಿಯೆಂದು ಇಷ್ಟು ಕೇಳುತ್ತಿ?” ಎಂದು ಜಗಳ ತೆಗೆಯುತ್ತೇವೆ. ಹುಡುಕುವ ಬುದ್ಧಿಗೆ ಬೆಲೆಯಿಲ್ಲದ ಕಡೆ ಯಾವನು ಹುಡುಕುತ್ತಾನೆ? ಆ ಮುದುಕ ಮಿಸ್ತ್ರಿಗೆ ಅಕ್ಕನವರು ಒಂದು ದಿನದ ಪೂರ್ತಿ ಕೂಲಿ ಕೊಟ್ಟಾಗ ಅವನೇ ಸಂಕೋಚಪಟ್ಟ. ಅವನು ಸಂಕೋಚಪಡುವಂತೆ ಮಾಡಿದವರು ಇಷ್ಟು ವರ್ಷ ಅವನೊಡನೆ ಚೌಕಾಸಿ ಮಾಡಿದ ನಾವೇ.

ಇನ್ನು ಮುಂದೆ ಗ್ಯಾರೇಜಿಗೆ ಹೋದಾಗ “ಏನು ಹಾಕಿದಿ?” ಎಂಬುದನ್ನು ಬಿಟ್ಟು “ಎಲ್ಲಿ ಕೆಟ್ಟಿತ್ತು, ತೋರಿಸು” ಎಂದು ಕೇಳೋಣ. ತೋರಿಸಿದವನಿಗೆ, ಬೋಲ್ಟೊಂದನ್ನು ಉಜ್ಜಿದ್ದಷ್ಟೇ ಆಗಿದ್ದರೂ, ಪೂರ್ತಿ ಕೂಲಿ ಕೊಡೋಣ. ಅಕ್ಕನವರು ಕಳೆದ ಸಭೆಗೆ ತಮ್ಮ ಗಾಡಿಯಲ್ಲಿಯೇ ಬಂದಿದ್ದರು.