ಗಿಟಾರಿನ ಬೆನ್ನಿಗೆ ಯಾವ ಕಾಡಿನ ಮರ?

ವಿದೇಶಿ ಗಿಟಾರು ಕೊಳ್ಳಲು ಬೆಂಗಳೂರಿನ ಅಂಗಡಿಗೆ ಬರುವವರು ಮೊದಲು ನಾದ ಕೇಳುತ್ತಾರೆ, ಆಮೇಲೆ ಬೆಲೆ. ಮರ ಎಲ್ಲಿಯದು ಎಂದು ಕೇಳುವವರು ವಿರಳ. ಅಮೆರಿಕದಿಂದ ಬಂದ ಆ ವಾದ್ಯದ ಬೆನ್ನು, ಪಕ್ಕೆಗಳು ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆ (ಭಾರತದ ರೋಸ್‌ವುಡ್) ಜಾತಿಯವೇ ಆಗಿದ್ದರೆ ಅಚ್ಚರಿಯಿಲ್ಲ.

ಬ್ರೆಜಿಲ್ ದೇಶ ತನ್ನ ರೋಸ್‌ವುಡ್ ದಿಮ್ಮಿಗಳನ್ನು ಹೊರಗೆ ಕಳಿಸುವುದನ್ನು 1960ರ ದಶಕದಲ್ಲಿ ನಿಲ್ಲಿಸಿತು. ಅಮೆರಿಕದ ಗಿಟಾರು ತಯಾರಕ ಮಾರ್ಟಿನ್ ಕಂಪನಿ 1969ರ ಹೊತ್ತಿಗೆ ಭಾರತದ ಬೀಟೆಗೆ ಹೊರಳಿತು. ಬ್ರೆಜಿಲ್‌ನ ಆ ಮರ 1992ರಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿ ಸೇರಿತು. ನಿಧಾನಕ್ಕೆ ಬಲಿಯುವ ನಮ್ಮ ಬೀಟೆಯೂ ಈಗ ಅಪಾಯದ ಅಂಚಿನ ಜಾತಿ. 2017ರಲ್ಲಿ ಅದೂ ಸೇರಿ ಆ ಕುಲದ ಉಳಿದ ಮರಗಳೆಲ್ಲ ಎರಡನೆಯ ಪಟ್ಟಿಗೆ ಬಂದವು. ಗಡಿ ದಾಟಿಸುವ ಪರವಾನಗಿಗಾಗಿ ವಾದ್ಯ ತಯಾರಕರು, ಕಲಾವಿದರು ಪರದಾಡಿದ ಮೇಲೆ, 2019ರಲ್ಲಿ ಆ ಎರಡನೆಯ ಪಟ್ಟಿಯ ಮರಗಳಿಂದ ಮಾಡಿದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಕಾಗದಪತ್ರದ ಕಾಟ ತಪ್ಪಿತು, ನಿಜ. ಕಾಡಿನ ಮೇಲಿನ ಹೊರೆ ಅದರಿಂದ ಇಳಿಯಲಿಲ್ಲ.

ಬೀಟೆ ಇಲ್ಲದೆ ಆ ನಾದ ಬಾರದೇ?

ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಇದನ್ನೇ ಒರೆಗೆ ಹಚ್ಚಿದರು. ಆರು ಗಿಟಾರುಗಳು, ಎಲ್ಲವಕ್ಕೂ ಒಂದೇ ವಿನ್ಯಾಸ, ಮುಂಭಾಗಕ್ಕೆ ಒಂದೇ ಬಗೆಯ ಸ್ಪ್ರೂಸ್ ಹಲಗೆ. ಬೆನ್ನು ಮತ್ತು ಪಕ್ಕೆಗೆ ಮಾತ್ರ ಬೇರೆ ಬೇರೆ ಮರ: ಬ್ರೆಜಿಲ್ ರೋಸ್‌ವುಡ್, ಬೀಟೆ, ಮಹಾಗನಿ, ಮೇಪಲ್, ಸಪೆಲೆ, ವಾಲ್‌ನಟ್. 52 ವಾದಕರು ಮಂದ ಬೆಳಕಿನಲ್ಲಿ, ಬೆಸುಗೆಯವರ ಕಪ್ಪು ಕನ್ನಡಕ ಹಾಕಿಕೊಂಡು ನುಡಿಸಿದರು. ಆರಕ್ಕೂ ಅವರು ಕೊಟ್ಟ ಅಂಕ ಹೆಚ್ಚುಕಡಿಮೆ ಒಂದೇ. 2018ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಗಿಟಾರು ಮಾರುವವರೆಲ್ಲ ಓದಬೇಕು. ಮುಂಭಾಗದ ಹಲಗೆಗೂ ತಯಾರಕನ ಕೈಗೂ ದುಡ್ಡು ಕೊಡುವುದು ಸರಿ. ಬೆನ್ನಿನ ದುಬಾರಿ ಮರಕ್ಕೆ ಕೊಡುವ ದುಡ್ಡು ಹೆಚ್ಚಾಗಿ ಕಣ್ಣಿನ ಖುಷಿಗೆ.

ಗಿಟಾರಿನ ಬೆರಳುಹಲಗೆಗೆ ಬಳಸುವ ಕಪ್ಪು ಮರ ಎಬೊನಿಯ ಕಥೆ ಇನ್ನೂ ನೋವಿನದು. ಕ್ಯಾಮರೂನಿನಲ್ಲಿ ಎಬೊನಿ ಗಿರಣಿಯೊಂದನ್ನು 2011ರಲ್ಲಿ ಪಾಲುದಾರರ ಜೊತೆ ಕೊಂಡ, ಟೇಲರ್ ಗಿಟಾರು ಕಂಪನಿಯ ಬಾಬ್ ಟೇಲರ್‌ಗೆ ಗೊತ್ತಾದ ಸಂಗತಿ ಇದು: ಅಚ್ಚಗಪ್ಪು ಮರ ಸಿಗಲೆಂದು ಕಡಿಯುವವರು ಹತ್ತು ಮರ ಉರುಳಿಸಿದರೆ, ಕಂದು ಗೆರೆಗಳಿವೆ ಎಂಬ ಒಂದೇ ಕಾರಣಕ್ಕೆ ಒಂಬತ್ತನ್ನು ಕಾಡಿನಲ್ಲೇ ಬಿಟ್ಟು ಬರುತ್ತಿದ್ದರು. ಗೆರೆಯಿರುವ ಮರದಲ್ಲಿ ಕೊರತೆಯೇನೂ ಇರಲಿಲ್ಲ. ಟೇಲರ್ ಗಿಟಾರುಗಳು ಈಗ ಅದನ್ನೂ ಬಳಸುತ್ತವೆ. ಇತ್ತ ಇನ್ನೊಂದು ಗಿಟಾರು ತಯಾರಕ ಗಿಬ್ಸನ್ ಕಂಪನಿ ಮಡಗಾಸ್ಕರ್ ಎಬೊನಿಯ ಅಕ್ರಮ ಆಮದಿನ ಪ್ರಕರಣದಲ್ಲಿ 2012ರಲ್ಲಿ ಅಮೆರಿಕ ಸರ್ಕಾರಕ್ಕೆ 3 ಲಕ್ಷ ಡಾಲರ್ ದಂಡ ಕಟ್ಟಿತು.

ಪಿಟೀಲಿನದೂ ಇದೇ ಕಥೆ. ಅದರ ಕಮಾನಿಗೆ ಬಳಸುವ ಪೆರ್ನಾಂಬುಕೊ ಮರದ ನೆಲೆ ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡು. ಆ ಮರ 2007ರಿಂದಲೇ ಸೈಟಿಸ್ ಪಟ್ಟಿಯಲ್ಲಿದೆ. ಕಲಿಯುವ ಮಕ್ಕಳಿಗೆ ಕಾರ್ಬನ್ ಫೈಬರ್ ಕಮಾನು ಧಾರಾಳವಾಗಿ ಸಾಕು.

ಗುಣಮಟ್ಟದಲ್ಲಿ ರಾಜಿ ಮಾಡಿಕೊಳ್ಳಿ ಎಂದು ಯಾರೂ ಕೇಳುತ್ತಿಲ್ಲ. ಮರದ ವೈಜ್ಞಾನಿಕ ಹೆಸರು, ಅದು ಬಂದ ದೇಶ, ಈ ಎರಡನ್ನು ಅಂಗಡಿಯವರಿಂದ ಬರೆಸಿಕೊಳ್ಳಿ. ಉತ್ತರ ಸಿಗದಿದ್ದರೆ ಮೇಪಲ್ ಬೆನ್ನಿನ ಗಿಟಾರನ್ನೋ, ಒಬ್ಬರು ನುಡಿಸಿ ಜತನವಾಗಿಟ್ಟ ಹಳೆಯ ವಾದ್ಯವನ್ನೋ ಆರಿಸಿಕೊಳ್ಳಿ.