ಮನೆ ಗೆದ್ದು ಮಾರು ಗೆಲ್ಲು ಎನ್ನುವ ಮುನ್ನ

ಕಾಲೇಜು ಓದುವ ಮಕ್ಕಳು ಹವಾಮಾನ ಬದಲಾವಣೆ, ಯುದ್ಧ, ಕೃತಕ ಬುದ್ಧಿಮತ್ತೆ ಎಂದು ಮಾತು ತೆಗೆದರೆ ನಮ್ಮ ಹಿರಿಯರಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಮನೆ ಗೆದ್ದು ಮಾರು ಗೆಲ್ಲು. ಮೊದಲು ಬ್ಯಾಕ್‌ಲಾಗ್ ಮುಗಿಸು, ಒಂದು ಕೆಲಸ ಹಿಡಿ, ತಂಗಿಯ ಮದುವೆ ಮಾಡು, ಜಗತ್ತಿನ ಚಿಂತೆ ಆಮೇಲೆ ನೋಡೋಣ ಎನ್ನುತ್ತೇವೆ. ಗಾದೆ ಸುಳ್ಳಲ್ಲ. ಆದರೆ ಇಂದಿನ ವಿದ್ಯಾರ್ಥಿಯ ಒಂದು ದಿನವನ್ನು ಹತ್ತಿರದಿಂದ ನೋಡಿದರೆ, ಅವನ ಮನೆ ಎಲ್ಲಿ ಮುಗಿಯುತ್ತದೆ, ಮಾರು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಸುಲಭವಲ್ಲ. ನಮ್ಮ ಮಠಗಳ ವಿದ್ಯಾರ್ಥಿ ನಿಲಯಗಳನ್ನು ನಡೆಸುವವರೂ ಅವುಗಳಿಗೆ ದಾಸೋಹ ಸಲ್ಲಿಸುವವರೂ ಈ ವಿಷಯವನ್ನು ಕೊಂಚ ಯೋಚಿಸಬೇಕೆಂದು ಈ ಬರಹ.

ಸರ್ಕಾರಿ ಸೇವೆಯಿಂದ ನಿವೃತ್ತನಾದ ಮೇಲೆ ನಾನು ಭಾನುವಾರಗಳಂದು ಬೆಂಗಳೂರಿನ ಒಂದು ಉಚಿತ ವಿದ್ಯಾರ್ಥಿ ನಿಲಯಕ್ಕೆ ಗಣಿತ ಹೇಳಿಕೊಡಲು ಹೋಗುತ್ತೇನೆ. ಅಲ್ಲಿರುವವರು ಬಹುತೇಕ ಕಲಬುರಗಿ, ಕೊಪ್ಪಳ, ಗದಗ ಕಡೆಯ ಒಕ್ಕಲು ಮಕ್ಕಳು. ರೋಣ ತಾಲ್ಲೂಕಿನಿಂದ ಬಂದ, ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿರುವ ಒಬ್ಬ ಹುಡುಗನ ದಿನ ಹೀಗಿರುತ್ತದೆ. ಬೆಳಿಗ್ಗೆ ಐದೂವರೆಗೆ ಎದ್ದು ಸ್ನಾನಕ್ಕೆ ಸರದಿ. ಆರೂವರೆಗೆ ಸಾಮೂಹಿಕ ಪ್ರಾರ್ಥನೆ. ಉಪ್ಪಿಟ್ಟೋ ಚಿತ್ರಾನ್ನವೋ ತಿಂದು, ವಿದ್ಯಾರ್ಥಿ ಪಾಸು ಹಿಡಿದು ಎರಡು ಬಸ್ಸು ಬದಲಿಸಿ ಕಾಲೇಜು. ಲ್ಯಾಬ್, ರೆಕಾರ್ಡ್, ಇಂಟರ್ನಲ್ಸ್. ಸಂಜೆ ನಿಲಯಕ್ಕೆ ಮರಳಿ ಅಡುಗೆಮನೆಯಲ್ಲಿ ತನ್ನ ಪಾಳಿ ಇದ್ದರೆ ಬಡಿಸುವ ಕೆಲಸ. ರಾತ್ರಿ ಹತ್ತರವರೆಗೆ ಓದು. ಆಮೇಲೆ ಹಾಸಿಗೆಯಲ್ಲಿ ಒಂದು ಗಂಟೆ ಮೊಬೈಲು. ಆ ಒಂದು ಗಂಟೆಯಲ್ಲಿ ಗಾಜಾದ ಅವಶೇಷಗಳು, ಉಕ್ರೇನಿನ ಡ್ರೋನ್‌ಗಳು, ಎಲ್ಲೋ ಹೊತ್ತಿ ಉರಿಯುವ ಕಾಡು, ಇನ್ನು ಮುಂದೆ ಕೋಡ್ ಬರೆಯುವ ಹುಡುಗರೇ ಬೇಡ ಎನ್ನುವ ಉಪನ್ಯಾಸ, ನಡುನಡುವೆ ಕ್ರಿಕೆಟ್ ಮತ್ತು ಸಿನಿಮಾ ಹಾಡು.

ಅವನು ಒಮ್ಮೆ ಕೇಳಿದ: "ಸರ್, ಜಗತ್ತಿನಾಗ ಇಷ್ಟೆಲ್ಲ ನಡದೈತಿ. ನಾವು ಸುಮ್ನ ಸೆಮಿಸ್ಟರ್ ಓದ್ಕೋಂತ ಕುಂತೇವಿ. ಇದು ಸರಿ ಏನ್ರಿ?"

ಇಂಥ ಪ್ರಶ್ನೆಯನ್ನು ವಯಸ್ಸಿನ ಹುಮ್ಮಸ್ಸು ಎಂದು ತಳ್ಳಿಹಾಕಬಾರದು. ಅವನ ಬದುಕನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ.

2023ರ ಮುಂಗಾರಿನಲ್ಲಿ ಶಾಂತ ಮಹಾಸಾಗರದ ನೀರು ಬಿಸಿಯಾಗುವ ಎಲ್ ನಿನೋ ಕಾಣಿಸಿಕೊಂಡಿತ್ತು. ಆ ವರ್ಷದ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದ ಈಚೆಗೆ ಅತಿ ಕಡಿಮೆ ಮಳೆಯಾದ ಆಗಸ್ಟ್ ಎಂದು ದಾಖಲಾಯಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ರೋಣದ ಎರೆ ಹೊಲದಲ್ಲಿ ಅವನ ತಂದೆ ಬಿತ್ತಿದ್ದ ಹೆಸರು ಒಣಗಿತು, ಮನೆಯಿಂದ ತಿಂಗಳಿಗೆ ಬರುತ್ತಿದ್ದ ಚೂರುಪಾರು ಹಣ ನಿಂತಿತು. ಮರುವರ್ಷ ಫೆಬ್ರುವರಿ-ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಅವನಿರುವ ನಿಲಯಕ್ಕೆ ಟ್ಯಾಂಕರ್ ನೀರು ಬರತೊಡಗಿತು. ಅಪ್ಪನ ಹೊಲಕ್ಕೂ ಮಗನ ಬಚ್ಚಲಿಗೂ ತಟ್ಟಿದ್ದು ಒಂದೇ ಬರ.

ಅಡುಗೆಮನೆಗೆ ಬನ್ನಿ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ನಮ್ಮ ದೇಶ ಆಮದು ಮಾಡಿಕೊಳ್ಳುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಬರುತ್ತಿದ್ದುದು ಉಕ್ರೇನಿನಿಂದಲೇ. ಎಣ್ಣೆಯ ದರ ಏರಿದಾಗ ಹಾಸ್ಟೆಲುಗಳ ಒಗ್ಗರಣೆ ತೆಳುವಾಯಿತು. ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲೇ ಒಂದು ಕಾಲಕ್ಕೆ ಸೂರ್ಯಕಾಂತಿ ಹಳದಿ ಚಾಪೆ ಹಾಸಿದಂತೆ ಇರುತ್ತಿತ್ತು. ಅದು ಏಕೆ ಕುಗ್ಗಿತು ಎನ್ನುವುದು ಆ ಹುಡುಗ ತನ್ನ ತಂದೆಯನ್ನೇ ಕೇಳಬಹುದಾದ ಪ್ರಶ್ನೆ. ಅದೇ ಯುದ್ಧದಲ್ಲಿ, ಹಾರ್ಕಿವ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ ನಮ್ಮ ನಾಡಿನ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದುದನ್ನು ನಾವು ಮರೆತಿಲ್ಲ. ಇಲ್ಲಿ ಸೀಟಿನ ಖರ್ಚು ಭರಿಸಲಾಗದೆ ಎಷ್ಟೋ ಮಕ್ಕಳು ಅಷ್ಟು ದೂರ ಹೋಗುತ್ತಾರೆ. ಯುದ್ಧ ಯಾರದೋ ಆದರೂ ಮಣ್ಣು ಮುಕ್ಕಿದ್ದು ನಮ್ಮ ಊರು.

ಕೈಯಲ್ಲಿರುವ ಮೊಬೈಲನ್ನೂ ನೋಡಿ. ಅದರ ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಲೋಹದಲ್ಲಿ ಅರ್ಧಕ್ಕಿಂತ ಹೆಚ್ಚು ಆಫ್ರಿಕಾದ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳೂ ದುಡಿಯುತ್ತಾರೆಂಬುದು ದಾಖಲಾಗಿರುವ ಸಂಗತಿ. ಕಾಯಕದ ಘನತೆಯನ್ನು ದಿನವೂ ಹೇಳುವ ನಾವು, ನಮ್ಮ ಕೈಗೆ ಬಂದ ವಸ್ತುವಿನ ಹಿಂದೆ ಯಾರ ಕಾಯಕವಿದೆ, ಅವರಿಗೆ ತಕ್ಕ ಕೂಲಿ ಸಿಕ್ಕಿತೇ ಎಂದು ಕೇಳುವ ಹುಡುಗನಿಗೆ "ನಿನ್ನ ಕೆಲಸ ನೋಡಿಕೋ" ಎನ್ನಲಾದೀತೇ?

ಹಾಗಾದರೆ ತೊಂದರೆ ಎಲ್ಲಿದೆ? ಮಕ್ಕಳು ಜಗತ್ತಿನ ಬಗ್ಗೆ ಕೇಳುವುದು ಬಹಳ, ಅಳೆಯುವುದು ಏನೂ ಇಲ್ಲ. ಪ್ರತಿ ರಾತ್ರಿ ನೂರು ಸುದ್ದಿ ಕಣ್ಣ ಮುಂದೆ ಹಾಯುತ್ತವೆ. ಯಾವುದಕ್ಕೂ ಕೈ ಹಾಕಲು ಅವಕಾಶವಿಲ್ಲ, ಯಾರೂ ಇವರ ಅಭಿಪ್ರಾಯ ಕೇಳುವುದಿಲ್ಲ. ಹೀಗೆ ತುಂಬಿಕೊಂಡ ಕಳವಳ ಎರಡು ದಾರಿ ಹಿಡಿಯುತ್ತದೆ. ಕೆಲವರಲ್ಲಿ ಅದು "ಏನು ಮಾಡಿದರೂ ಅಷ್ಟೇ" ಎಂಬ ನಿರಾಸೆಯಾಗುತ್ತದೆ. ಇನ್ನು ಕೆಲವರಲ್ಲಿ ಯಾವುದೋ ದೇಶ, ಯಾವುದೋ ಧರ್ಮ, ಯಾವುದೋ ಜಾತಿಯೇ ಎಲ್ಲಕ್ಕೂ ಕಾರಣ ಎಂಬ ಸಿಟ್ಟಾಗುತ್ತದೆ. ವಾಟ್ಸಾಪಿನಲ್ಲಿ ಆ ಸಿಟ್ಟಿಗೆ ತುಪ್ಪ ಸುರಿಯುವವರು ಸಿದ್ಧರಾಗಿಯೇ ಕುಳಿತಿರುತ್ತಾರೆ. ನಾವು ಬೇಡವೆಂದು ಬಾಗಿಲು ಹಾಕಿದ ಪ್ರಶ್ನೆಯನ್ನು ಅವರು ಒಳಗೆ ಕರೆದು ಕೂರಿಸುತ್ತಾರೆ. ನನಗೆ ಹೆಚ್ಚು ಭಯವಿರುವುದು ಇದರ ಬಗ್ಗೆಯೇ.

ಇದಕ್ಕೆ ಇಂಜಿನಿಯರನಾಗಿ ನನಗೆ ಗೊತ್ತಿರುವ ಮದ್ದು ಅಳತೆ. ಒಂದು ಉದಾಹರಣೆ. ಬೆಂಗಳೂರಿಗೆ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಆಗಿ ಬರುತ್ತದೆ. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಎಷ್ಟು ವಿದ್ಯುತ್ ಬೇಕು? ಪಿಯುಸಿ ಭೌತಶಾಸ್ತ್ರ ಸಾಕು: ತೂಕ, ಗುರುತ್ವ, ಎತ್ತರ ಗುಣಿಸಿದರೆ ಸುಮಾರು 1.36 ಯುನಿಟ್. ಪಂಪು ಮತ್ತು ಕೊಳವೆಯ ನಷ್ಟ ಸೇರಿಸಿದರೆ ಹತ್ತಿರಹತ್ತಿರ 2 ಯುನಿಟ್. ಅಂದರೆ 20 ಲೀಟರಿನ ಒಂದು ಬಕೆಟ್ ನೀರಿಗೆ ತಗಲುವ ವಿದ್ಯುತ್ತಿನಲ್ಲಿ 9 ವಾಟಿನ ಎಲ್‌ಇಡಿ ಬಲ್ಬನ್ನು ನಾಲ್ಕು ಗಂಟೆ ಉರಿಸಬಹುದು. ಆ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದಿದ್ದರೆ ಪ್ರತಿ ಯುನಿಟ್ಟಿಗೆ ಸುಮಾರು ಒಂದು ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಈ ಲೆಕ್ಕವನ್ನು ಹಲಗೆಯ ಮೇಲೆ ಹಾಕಿದ ದಿನ ತರಗತಿ ಮುಗಿದ ಮೇಲೂ ಹುಡುಗರು ಏಳಲಿಲ್ಲ. "ಹಂಗಾದ್ರ ಮ್ಯಾಲಿನ ಟಾಕಿ ತುಂಬಿ ಹರೀತಾವಲ್ರಿ ದಿನಾ, ಅದರ ಲೆಕ್ಕ ಹಾಕೂಣ್ರಿ" ಎಂದು ಅವರೇ ಶುರು ಮಾಡಿದರು.

ಅನ್ನದ ಲೆಕ್ಕವೂ ಹೀಗೆಯೇ. 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದೇ ಹೊತ್ತಿಗೆ 78 ಕೋಟಿಗೂ ಹೆಚ್ಚು ಜನ ಹಸಿದಿದ್ದರು ಎಂದು ವಿಶ್ವಸಂಸ್ಥೆಯ ಪರಿಸರ ವಿಭಾಗ ಹೇಳಿದೆ. ಈ ಅಂಕಿಗಳು ತಲೆಗೆ ಹತ್ತುವುದಿಲ್ಲ. ಆದರೆ 200 ಮಕ್ಕಳ ನಿಲಯದಲ್ಲಿ ಒಬ್ಬೊಬ್ಬರು ದಿನಕ್ಕೆ 50 ಗ್ರಾಂ ಅನ್ನ ಬಿಟ್ಟರೆ ಹತ್ತು ಕಿಲೋ ಆಗುತ್ತದೆ. ಅದು ಮೂರೂವರೆ, ನಾಲ್ಕು ಕಿಲೋ ಅಕ್ಕಿ. ಒಂದು ಕಿಲೋ ಅಕ್ಕಿ ಬೆಳೆಯಲು ಗದ್ದೆಗೆ ಸುಮಾರು 2,500 ಲೀಟರ್ ನೀರು ಬೇಕು. ಹಾಗಾಗಿ ಪ್ರತಿದಿನ 6,000 ಲೀಟರಿನ ಒಂದೂವರೆ ಟ್ಯಾಂಕರ್ ನೀರನ್ನು ಎಂಜಲು ಬುಟ್ಟಿಗೆ ಸುರಿದಂತಾಯಿತು. ಪ್ರಸಾದವನ್ನು ಕೆಡಿಸಬಾರದು ಎಂದು ನಾವು ಭಕ್ತಿಯಿಂದ ಹೇಳುತ್ತ ಬಂದದ್ದನ್ನು ತಕ್ಕಡಿ ಇನ್ನಷ್ಟು ಸ್ಪಷ್ಟವಾಗಿ ಹೇಳುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಬಡವರ ಮಕ್ಕಳು, ಮನೆಯಲ್ಲಿ ಮೊದಲ ಸಲ ಪದವಿಗೆ ಬಂದವರು. ಇವರಿಗೆ ಕೆಲಸವೇ ಮುಖ್ಯ, ಇದೆಲ್ಲ ಉಳ್ಳವರ ಹವ್ಯಾಸ ಎನ್ನುತ್ತಾರೆ. ಕೆಲಸ ಮುಖ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನೀರು, ವಿದ್ಯುತ್, ಆಹಾರದ ಲೆಕ್ಕ ಹಾಕಿ ನಾಲ್ಕು ಜನರೆದುರು ನಿಂತು ವಿವರಿಸಬಲ್ಲವನಿಗೆ ಸಂದರ್ಶನದಲ್ಲಿ ಬಾಯಿ ಕಟ್ಟುವುದಿಲ್ಲ. ಇನ್ನು ಬರ ಬಂದಾಗ, ಎಣ್ಣೆ ತುಟ್ಟಿಯಾದಾಗ ಮೊದಲು ಪೆಟ್ಟು ತಿನ್ನುವುದು ಬಡವರ ಮನೆಯೇ. ಅದನ್ನು ಅರಿಯುವ ಹಕ್ಕು ಉಳ್ಳವರಿಗಿಂತ ಅವರಿಗೇ ಹೆಚ್ಚು.

ನಮ್ಮ ವಿದ್ಯಾಸಂಸ್ಥೆಗಳ ಇತಿಹಾಸವೂ ಇದಕ್ಕೆ ಹೊರತಲ್ಲ. 1916ರಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿದ್ದ ಹೊತ್ತಿನಲ್ಲಿ, ಬೆಳಗಾವಿಯಲ್ಲಿ ಏಳು ಮಂದಿ ಯುವ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ತಾವು ಮೊದಲು ಮನೆ ಗೆದ್ದು ಬರೋಣ ಎಂದು ಅವರು ಕಾಯಲಿಲ್ಲ. ಸಿದ್ಧಗಂಗೆಯಲ್ಲಿ ಪೂಜ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಅನ್ನ ಮತ್ತು ಆಶ್ರಯವನ್ನು ನಾವು ಇಂದಿಗೂ ಚೆನ್ನಾಗಿ ನಡೆಸಿಕೊಂಡು ಬಂದಿದ್ದೇವೆ. ಅಕ್ಷರ ಕಲಿತವನ ಪ್ರಶ್ನೆಗೆ ಜಾಗ ಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳುವ ಕಾಲ ಬಂದಿದೆ. ಅನುಭವ ಮಂಟಪದ ಹೆಸರನ್ನು ನಾವು ವೇದಿಕೆಗಳಲ್ಲಿ ಹೇಳುತ್ತೇವೆ. ಅಲ್ಲಿ ಪ್ರಶ್ನೆ ಕೇಳುವುದು ಅವಿನಯವಾಗಿರಲಿಲ್ಲ.

ನನ್ನ ಸಲಹೆ ಮೂರು. ಮೊದಲನೆಯದು, ಪ್ರತಿ ನಿಲಯದಲ್ಲಿ ನೀರಿನ ಮೀಟರು ಮತ್ತು ಎಂಜಲು ತೂಗುವ ತಕ್ಕಡಿ ಇರಲಿ. ದಿನದ ಅಂಕಿಯನ್ನು ವಿದ್ಯಾರ್ಥಿಗಳೇ ಊಟದ ಮನೆಯ ಹಲಗೆಯ ಮೇಲೆ ಬರೆಯಲಿ. ನಗರದ ನೀರು ಸರಬರಾಜಿಗೆ ತಲಾ 135 ಲೀಟರ್ ಎಂಬ ಮಾನದಂಡವಿದೆ, ಹಳ್ಳಿಯ ನಲ್ಲಿಗೆ 55 ಲೀಟರ್. ತಾವು ಎಲ್ಲಿದ್ದೇವೆ, ತಮ್ಮೂರು ಎಲ್ಲಿದೆ ಎಂದು ಅವರೇ ಹೋಲಿಸಿ ನೋಡಲಿ. ಎರಡನೆಯದು, ವಾರಕ್ಕೊಂದು ಗಂಟೆ ಒಂದು ಜಗತ್ತಿನ ವಿಷಯವನ್ನು ಎತ್ತಿಕೊಂಡು ಚರ್ಚಿಸಲಿ. ನಿಯಮ ಒಂದೇ: ಮಾತನಾಡುವವನು ತನ್ನ ಮಾತಿಗೆ ಆಧಾರ ತರಬೇಕು, ಎದುರು ಪಕ್ಷದ ಅತಿ ಬಲವಾದ ವಾದವನ್ನೂ ಹೇಳಬೇಕು. ಹೀಗೆ ಮಾಡಿದರೆ ಫಾರ್ವರ್ಡ್ ಸಂದೇಶಗಳ ಬಣ್ಣ ಅರ್ಧ ಗಂಟೆಯಲ್ಲಿ ಬಯಲಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಮಕ್ಕಳು ತಂದ ಲೆಕ್ಕಕ್ಕೂ ಪ್ರಶ್ನೆಗೂ ಆಡಳಿತ ಮಂಡಳಿ ಉತ್ತರ ಕೊಡಬೇಕು. ಟಾಕಿ ತುಂಬಿ ಹರಿಯುತ್ತದೆ ಎಂದು ತೋರಿಸಿದರೆ ಫ್ಲೋಟ್ ವಾಲ್ವ್ ಹಾಕಿಸಬೇಕು. ನನಗೆ ತಿಳಿದ ಒಂದು ಬಾಲಕಿಯರ ನಿಲಯದಲ್ಲಿ ವಿದ್ಯಾರ್ಥಿನಿಯೊಬ್ಬಳು ಹೀಗೆ ಕೇಳಿದಳಂತೆ: "ಅಪ್ಪಾಜಿ, ಜಗತ್ತಿನ ಸಮಾನತೆ ಬಗ್ಗೆ ಭಾಷಣ ಸ್ಪರ್ಧೆ ಇಡ್ತೀರಿ. ಗ್ರಂಥಾಲಯ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತೆ, ಹುಡುಗರ ಗೇಟೂ ಒಂಬತ್ತಕ್ಕೆ. ನಮ್ಮದು ಏಳಕ್ಕೇ ಯಾಕೆ?" 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಗಿದೆ, ಬಸ್ಸಿದೆ, ಪುಸ್ತಕವಿದೆ, ಗೇಟು ಮಾತ್ರ ಮುಚ್ಚಿದೆ. ಸುರಕ್ಷತೆಯ ಚಿಂತೆ ನಿಜವಾದದ್ದು. ಆದರೆ ಅದಕ್ಕೆ ಉತ್ತರ ಬೆಳಕು, ಕಾವಲು, ಗುಂಪಾಗಿ ಬರುವ ಏರ್ಪಾಡು. ಆ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲವೆಂದು ಕೇಳಿದ್ದೇನೆ. ಜಗತ್ತಿನ ಸಮಸ್ಯೆ ನಮ್ಮ ಅಂಗಳಕ್ಕೆ ಬಂದು ನಿಂತಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದನ್ನು ಮಕ್ಕಳು ನೋಡುತ್ತಿರುತ್ತಾರೆ. ನಮ್ಮ ಮೌನವೂ ಅವರಿಗೆ ಒಂದು ಪಾಠ.

ಬಕೆಟ್ ನೀರು ಉಳಿಸಿದರೆ ಭೂಮಿಯ ಬಿಸಿ ಇಳಿಯುತ್ತದೆ ಎಂದು ನಾನು ಮಕ್ಕಳಿಗೆ ಹೇಳುವುದಿಲ್ಲ. 1958ರಲ್ಲಿ ಹವಾಯಿಯ ಮೌನಾ ಲೋವಾ ಕೇಂದ್ರ ಅಳೆಯಲು ಆರಂಭಿಸಿದಾಗ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಹತ್ತು ಲಕ್ಷದಲ್ಲಿ ಸುಮಾರು 315 ಭಾಗವಿತ್ತು, ಈಗ 420 ದಾಟಿದೆ. 2015ರ ಪ್ಯಾರಿಸ್ ಒಪ್ಪಂದ 1.5 ಡಿಗ್ರಿಗೆ ತಡೆಯಲು ಯತ್ನಿಸೋಣ ಎಂದಿತು, 2024ನೇ ಇಸವಿಯೊಂದೇ ಆ ಗೆರೆ ದಾಟಿತು. ಇದನ್ನು ತಿರುಗಿಸಲು ಸರ್ಕಾರಗಳು, ದೊಡ್ಡ ದೇಶಗಳು, ಕಂಪನಿಗಳು ಬದಲಾಗಬೇಕು. ಆದರೆ ಅವುಗಳನ್ನು ಲೆಕ್ಕ ಕೇಳುವವರು ಯಾರು? ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿ ಮೂರು ದಶಕ ಕಳೆದಿದೆ. ಈ ಮಕ್ಕಳು ಈಗಾಗಲೇ ಮತದಾರರು. ನಾಳೆ ಇವರೇ ಸಹಾಯಕ ಇಂಜಿನಿಯರು, ತಹಸೀಲ್ದಾರರು, ಶಿಕ್ಷಕಿಯರು, ಪಂಚಾಯಿತಿ ಸದಸ್ಯರು. ಸ್ವಂತ ನಿಲಯದ ನೀರಿನ ಲೆಕ್ಕ ಕೇಳಿ ಉತ್ತರ ಪಡೆದವರು ಮುಂದೆ ಕೆರೆಯ ಲೆಕ್ಕವನ್ನೂ ಕೇಳುತ್ತಾರೆ. ಇಲ್ಲಿ ಬಾಯಿ ಮುಚ್ಚಿಸಿಕೊಂಡವರು ಅಲ್ಲಿ ಇನ್ನೊಬ್ಬರ ಬಾಯಿ ಮುಚ್ಚಿಸುತ್ತಾರೆ.

ಶರಣಬಂಧುಗಳಲ್ಲಿ ಕೊನೆಯದಾಗಿ ಒಂದು ವಿನಂತಿ. ಮಗುವಿನ ಹುಟ್ಟುಹಬ್ಬಕ್ಕೆ, ಹಿರಿಯರ ಸ್ಮರಣೆಗೆ ನಿಲಯಗಳಿಗೆ ಒಂದು ದಿನದ ಪ್ರಸಾದ ದಾಸೋಹ ಮಾಡಿಸುವ ಒಳ್ಳೆಯ ರೂಢಿ ನಮ್ಮಲ್ಲಿದೆ. ಮುಂದಿನ ಸಲ ಅದರ ಜೊತೆಗೆ ಒಂದು ನೀರಿನ ಮೀಟರನ್ನೂ ಕೊಡಿಸಿ. ಊಟ ಬಡಿಸಿದ ಮೇಲೆ ತಕ್ಷಣ ಹೊರಟುಬಿಡದೆ ಮಕ್ಕಳ ಪಂಕ್ತಿಯ ಪಕ್ಕದಲ್ಲೇ ಅರ್ಧ ಗಂಟೆ ಕುಳಿತು, ಜಗತ್ತಿನ ಬಗ್ಗೆ ನಿಮಗೆ ಏನನ್ನಿಸುತ್ತದೆ ಎಂದು ಕೇಳಿ. ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.